ಶಾಲೆ ಗ್ರೂಪಲ್ಲಿ ಬರುವ ಈ ಪೆನ್, ಆರ್‌ಡಿ, ಸ್ಯಾಟ್ಸ್, ಎಫ್‌ಎ ಎಲ್ಲ ಎಂತ ಮಾರಾಯ್ರೆ? ಬಾಂಬೆಯಿಂದ ಬಂದವಳಿಗೆ ಸ್ವಲ್ಪ ಬಿಡಿಸಿ ಹೇಳಿ

ಸುರತ್ಕಲ್_ಅಮ್ಮ:

ಎಲ್ರಿಗೂ ನಮಸ್ಕಾರ. ನಗಾಡ್ಬೇಡಿ ಆಯ್ತಾ, ನಿಜವಾಗಿ ತಲೆಬಿಸಿ ಆಗಿಯೇ ಕೇಳ್ತಾ ಇರುದು. ಹನ್ನೆರಡು ವರ್ಷ ಬಾಂಬೆಯಲ್ಲಿದ್ದು ಈ ಮೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿ ಊರಿಗೆ ಬಂದದ್ದು ನಾವು, ಮನೆ ಸುರತ್ಕಲ್ ಹತ್ರ. ಮಗನನ್ನು ಇಲ್ಲೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಆರನೇ ಕ್ಲಾಸಿಗೆ ಹಾಕಿದ್ದು, ಸ್ಟೇಟ್ ಸಿಲೆಬಸ್. ಶಾಲೆ ಒಳ್ಳೇದುಂಟು, ಟೀಚರ್‌ಗಳೂ ಒಳ್ಳೆಯವ್ರೇ, ಆದ್ರೆ ಅವರ ವಾಟ್ಸಾಪ್ ಗ್ರೂಪಿನ ಮೆಸೇಜ್ ಓದಿದ್ರೆ ನಂಗೆ ಯಾವುದೋ ಮಿಲಿಟರಿ ಕೋಡ್ ಓದಿದ ಹಾಗೆ ಆಗ್ತದೆ.

ಮೊನ್ನೆ ಸೋಮವಾರ ರಾತ್ರಿ ಬಂದದ್ದು ಹೀಗೆ: ಪೆನ್ ಇಲ್ಲದವರು ನಾಳೆಯೇ ಆಫೀಸಲ್ಲಿ ಕೊಡಬೇಕು, ಅಪಾರ್ ಕನ್ಸೆಂಟ್ ಬಾಕಿ ಇದ್ದವರು ಸೈನ್ ಮಾಡಿ ಕಳಿಸಿ, ಆರ್‌ಡಿ ನಂಬರ್ ಡೈರಿಯಲ್ಲಿ ಬರೆದು ಕಳಿಸಿ, ಸ್ಯಾಟ್ಸ್ ಎಂಟ್ರಿಗೆ ಟೈಮಿಲ್ಲ, ಎಫ್‌ಎ ಒಂದರ ಪೋರ್ಷನ್ ಬೋರ್ಡಲ್ಲಿ ಹಾಕಿದೆ, ಥರ್ಡ್ ಲ್ಯಾಂಗ್ವೇಜ್ ಯಾವುದು ಅಂತ ಶುಕ್ರವಾರದೊಳಗೆ ಹೇಳಿ.

ನಮ್ಮವ್ರು ಅದನ್ನು ಓದಿ, ಪಾಪ ಟೀಚರ್ ಮಕ್ಕಳ ಹತ್ರ ಪೆನ್ ಇಲ್ಲ ಅಂತ ಬರ್ದಿದ್ದಾರೆ ಅಂತ ಬೆಳಿಗ್ಗೆ ಮಗನ ಪೌಚಲ್ಲಿ ಎರಡು ನೀಲಿ ರೆನಾಲ್ಡ್ಸ್ ಪೆನ್ ಹಾಕಿ ಕಳಿಸಿದ್ರು. ಅವ ಆಫೀಸಿಗೆ ಹೋಗಿ ಎರಡೂ ಪೆನ್ ಮೇಜಿನ ಮೇಲೆ ಇಟ್ಟನಂತೆ. ಹೆಡ್ ಮಿಸ್ ನಗಾಡಿ ನಗಾಡಿ ಕಣ್ಣಲ್ಲಿ ನೀರು ಬಂತಂತೆ. ಇನ್ನು ನನ್ನ ಕಥೆ ಕೇಳಿ, ನಾನು ಆರ್‌ಡಿ ಅಂದ್ರೆ ಸೊಸೈಟಿಯಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಅಂತ ತಿಳ್ಕೊಂಡು, ಇವರಿಗೆ ನನ್ನ ಉಳಿತಾಯದ ಲೆಕ್ಕ ಎಂತಕ್ಕೆ ಅಂತ ಸ್ವಲ್ಪ ಸಿಟ್ಟಲ್ಲೇ ಇದ್ದೆ.

ಇದರ ಮೇಲೆ ಬಾಂಬೆ ಶಾಲೆಯ ಎಲ್‌ಸಿ ಕೊಟ್ರೆ ಟಿಸಿ ಎಲ್ಲಿ ಅಂತ ಕೇಳ್ತಾರೆ, ಅದಕ್ಕೆ ಮೇಲುರುಜು ಬೇಕಂತೆ, ಮಗನ ಹೆಸರು ಬೇರೆ ಹೊಂದಿಕೆ ಆಗುದಿಲ್ಲವಂತೆ. ಗೊತ್ತಿದ್ದವರು ಒಂದೊಂದಾಗಿ ಹೇಳಿ ಪುಣ್ಯ ಕಟ್ಕೊಳ್ಳಿ.

ಬಜ್ಪೆಯವ:

ಅಕ್ಕ ಆ ಪೆನ್ ಕಥೆಗೆ ಒಂದು ಸಲಾಂ. ನನ್ನ ತಮ್ಮ ಮೊದಲ ಸಲ ಎಚ್‌ಎಂ ಅಂತ ಮೆಸೇಜ್ ನೋಡಿ ವಾಚ್ ಕಂಪೆನಿ ಎಚ್‌ಎಂಟಿ ಅಂತ ತಿಳ್ಕೊಂಡಿದ್ದ, ಹಾಗಾಗಿ ನಿಮ್ಮ ಮನೆಯವ್ರು ಒಬ್ಬರೇ ಅಲ್ಲ ಬೇಜಾರ್ ಮಾಡ್ಬೇಡಿ. ನಂಗೆ ಗೊತ್ತಿರುದು ಇಷ್ಟೇ, ಎಚ್‌ಎಂ ಅಂದ್ರೆ ಹೆಡ್ ಮಾಸ್ಟ್ರು ಇಲ್ಲಾ ಹೆಡ್ ಮಿಸ್, ಪಿಇಟಿ ಅಂದ್ರೆ ಆಟದ ಮಾಸ್ಟ್ರು, ಬಿಇಒ ಅಂದ್ರೆ ತಾಲೂಕಿಗೆ ದೊಡ್ಡವ್ರು, ಡಿಡಿಪಿಐ ಅಂದ್ರೆ ಜಿಲ್ಲೆಗೆ ದೊಡ್ಡವ್ರು, ಡಿಸಿ ಅಂದ್ರೆ ಮಳೆ ಬಂದಾಗ ದೇವ್ರು. ಉಳಿದದ್ದು ಟೀಚರ್ ಯಾರಾದ್ರು ಬಂದು ಹೇಳ್ತಾರೆ, ನಾನೂ ಓದ್ಲಿಕ್ಕೆ ಕೂತಿದ್ದೇನೆ, ನನ್ನ ಮಗಳು ಯುಕೆಜಿ.

ಮುಲ್ಕಿ_ರಿಟೈರ್ಡ್_ಟೀಚರ್:

ಮಗಾ, ಸಾವಕಾಶ ಓದು, ಒಂದೇ ಸಲ ಎಲ್ಲ ತಲೆಗೆ ಹಾಕ್ಬೇಡ. ಮೂವತ್ತು ವರ್ಷ ಪಾಠ ಮಾಡಿದವಳು ನಾನು, ನಮಗೇ ಕೊನೆ ಕೊನೆಗೆ ಪಾಠಕ್ಕಿಂತ ಈ ಅಕ್ಷರಗಳದ್ದೇ ಕೆಲಸ ಜಾಸ್ತಿ ಆಗಿತ್ತು.

ಮೊದ್ಲು ಪರೀಕ್ಷೆಯದ್ದು ಮುಗಿಸುವ, ಅದು ಸುಲಭ. ಎಫ್‌ಎ ಅಂದ್ರೆ ಫಾರ್ಮೇಟಿವ್ ಅಸೆಸ್‌ಮೆಂಟ್, ಕನ್ನಡದಲ್ಲಿ ರೂಪಣಾತ್ಮಕ ಮೌಲ್ಯಮಾಪನ. ಎಸ್‌ಎ ಅಂದ್ರೆ ಸಮ್ಮೇಟಿವ್, ಸಂಕಲನಾತ್ಮಕ. ಬಾಯಿಗೆ ಬರುದಿಲ್ಲ ಅಲ್ವಾ, ಯಾರೂ ಹೇಳುದೂ ಇಲ್ಲ, ಎಫ್‌ಎ ಎಸ್‌ಎ ಅಂತಲೇ ಹೇಳುದು. ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಒಂದು ಎಫ್‌ಎಗೆ 15, ಒಂದು ಎಸ್‌ಎಗೆ 20, ಒಟ್ಟು ಸೇರಿಸಿದ್ರೆ ಸರಿಯಾಗಿ 100. ಅಂದ್ರೆ ನೋಡು, ದಸರಾ ರಜೆಯ ಮೊದ್ಲು ಬರುವ ಎಸ್‌ಎ ಒಂದು ಮತ್ತೆ ಕೊನೆಯ ದೊಡ್ಡ ಪರೀಕ್ಷೆ ಎರಡೂ ಸೇರಿದ್ರೂ 40 ಮಾತ್ರ, ಬಾಕಿ 60 ಈ ಸಣ್ಣ ಸಣ್ಣದ್ರಲ್ಲೇ ಉಂಟು. ಎಫ್‌ಎಯಲ್ಲಿ ಬರಿ ಬರೆಯುದು ಮಾತ್ರ ಅಲ್ಲ, ಚಟುವಟಿಕೆಯೂ ಲೆಕ್ಕಕ್ಕೆ ಬರ್ತದೆ. ಹಾಗಾಗಿ ಅವ ರಾತ್ರಿ ಒಂಬತ್ತು ಗಂಟೆಗೆ ಬಂದು ಅಮ್ಮಾ ನಾಳೆ ಚಾರ್ಟ್ ಬೇಕು ಅಂದ್ರೆ ಬೈಯ್ಬೇಡ, ಅದಕ್ಕೆ ಮಾರ್ಕುಂಟು. ಗ್ರೇಡ್ ಹೇಗೆ ಅಂದ್ರೆ 90ರಿಂದ ಮೇಲೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕಿಂತ ಕೆಳಗೆ ಸಿ. ಬಿ ಪ್ಲಸ್ ಬಂತು ಅಂತ ಆಚೆ ಮನೆಗೆ ಕೇಳುವ ಹಾಗೆ ಬೊಬ್ಬೆ ಹಾಕುವ ತಾಯಂದಿರನ್ನು ಬೇಕಾದಷ್ಟು ನೋಡಿದ್ದೇನೆ ನಾನು. ಈ ಇಡೀ ವ್ಯವಸ್ಥೆಗೆ ಸಿಸಿಇ ಅಂತ ಹೆಸರು, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. ಈಗ ಎಲ್‌ಬಿಎ ಅಂತ ಇನ್ನೊಂದು ಬಂದಿದೆ, ಪಾಠ ಆಧಾರಿತ ಮೌಲ್ಯಾಂಕನ, ಪಾಠ ಮುಗಿದ ಹಾಗೆ ಸಣ್ಣ ಟೆಸ್ಟ್. ಹೊಸದು ಬರ್ತದೆ, ಹಳೇದು ಹೋಗುದಿಲ್ಲ, ಇಲಾಖೆಯ ಸ್ವಭಾವವೇ ಹಾಗೆ.

ಆರ್‌ಡಿ ನಂಬರ್ ಅಂದ್ರೆ ಸೊಸೈಟಿಯದ್ದಲ್ಲ ಮಾರಾಯ್ತಿ. ನಾಡಕಚೇರಿಯಲ್ಲಿ ಕೊಡ್ತಾರಲ್ಲ, ಜಾತಿ ಮತ್ತು ಆದಾಯದ ಸರ್ಟಿಫಿಕೇಟ್, ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಉದ್ದ ನಂಬರ್ ಇರ್ತದೆ. ಸ್ಕಾಲರ್‌ಶಿಪ್ಪಿಗೆ ಅದೇ ಬೇಕಾಗುದು, ಎಸ್‌ಎಸ್‌ಪಿ ಅಂತ ಗ್ರೂಪಲ್ಲಿ ಬಂದ್ರೆ ಅದು ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್, ಎನ್‌ಎಸ್‌ಪಿ ಅಂದ್ರೆ ಸೆಂಟ್ರಲ್‌ದ್ದು. ನಿಮ್ಮ ಹತ್ರ ಬಾಂಬೆಯ ಕಾಗದ ಮಾತ್ರ ಇರುದಾದ್ರೆ ಇಲ್ಲಿ ಹೊಸದಾಗಿ ಅರ್ಜಿ ಹಾಕ್ಬೇಕು, ಈಗಲೇ ಹಾಕಿ ಬಿಡಿ, ಕೊನೆ ದಿವಸ ಹೋದ್ರೆ ಅಲ್ಲಿ ಜಾತ್ರೆ.

ಥರ್ಡ್ ಲ್ಯಾಂಗ್ವೇಜ್ ವಿಷಯ ಸ್ವಲ್ಪ ಯೋಚನೆ ಮಾಡಿ ಹೇಳು. ಸ್ಟೇಟ್ ಸಿಲೆಬಸ್ಸಲ್ಲಿ ಮೂರನೇ ಭಾಷೆ ಶುರುವಾಗುದೇ ಆರನೇ ಕ್ಲಾಸಲ್ಲಿ. ಇಂಗ್ಲಿಷ್ ಮೀಡಿಯಮ್ಮಲ್ಲಿ ಸಾಧಾರಣ ಫಸ್ಟ್ ಇಂಗ್ಲಿಷ್, ಸೆಕೆಂಡ್ ಕನ್ನಡ, ಥರ್ಡ್ ಹಿಂದಿ ಇರ್ತದೆ. ಆದ್ರೆ ನಮ್ಮ ಜಿಲ್ಲೆಯಲ್ಲಿ ಕೆಲವು ಶಾಲೆಗಳಲ್ಲಿ ಥರ್ಡಿಗೆ ತುಳು ಉಂಟು, ಕೊಂಕಣಿ ಉಂಟು, ಸಂಸ್ಕೃತ ಉಂಟು. ಎಲ್ಲ ಶಾಲೆಯಲ್ಲಿ ಇಲ್ಲ, ಕೇಳಿ ನೋಡ್ಬೇಕು. ಮನೆಯಲ್ಲಿ ತುಳು ಮಾತಾಡುವ ಹುಡುಗನಿಗೆ ತುಳು ಸುಲಭ ಅಂತ ಕಾಣ್ತದೆ, ಆದ್ರೆ ಪುಸ್ತಕ ಕನ್ನಡ ಲಿಪಿಯಲ್ಲಿ ಇರುದು, ಅವನಿಗೆ ಕನ್ನಡ ಅಕ್ಷರ ಬರ್ತದಾ? ಬರದಿದ್ರೆ ಕನ್ನಡ ತುಳು ಎರಡೂ ಒಟ್ಟಿಗೆ ತಲೆ ಮೇಲೆ ಹೊರೆ ಆಗ್ತದೆ. ಹಿಂದಿಯಾದ್ರೆ ಬಾಂಬೆ ಹುಡುಗನಿಗೆ ನೀರು ಕುಡಿದ ಹಾಗೆ. ಕನ್ನಡ ಅಂತೂ ಬಿಡ್ಲಿಕ್ಕಿಲ್ಲ, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಒಂದೋ ಫಸ್ಟ್ ಇಲ್ಲಾ ಸೆಕೆಂಡ್ ಕನ್ನಡ ಇರ್ಲೇಬೇಕು, ಸಿಬಿಎಸ್‌ಇ ಶಾಲೆಗೂ ಅದೇ.

ಅಕ್ಷರ ಕಲಿಸ್ಲಿಕ್ಕೆ ಹತ್ತಿರದ ಸರಕಾರಿ ಶಾಲೆಯ ಟೀಚರ್ ಪರಿಚಯ ಇದ್ರೆ ನಲಿಕಲಿ ಕಾರ್ಡ್ ಒಂದ್ಸಲ ನೋಡಿ. ಅದು ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಮಾಡಿದ್ದು, 1995ರಲ್ಲಿ ಮೈಸೂರಿನ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದ್ರಲ್ಲಿ ಅ ಆ ಇ ಈ ಅಂತ ವರಸೆ ಪ್ರಕಾರ ಹೋಗುದಿಲ್ಲ, ಬರೆಯ್ಲಿಕ್ಕೆ ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸುದು, ರ ಗ ಸ ದ ಅ ಹೀಗೆ. ರ ಬರೆಯ್ಲಿಕ್ಕೆ ಬಂದವನಿಗೆ ಗ ಬರಿಯುದು ಎಷ್ಟು ಹೊತ್ತು ಹೇಳು. ದೊಡ್ಡ ಹುಡುಗರಿಗೂ ಈ ಉಪಾಯ ಭಾರಿ ಉಪಕಾರ ಆಗ್ತದೆ, ನಾನೇ ಮಾಡಿ ನೋಡಿದ್ದು.

ಹೆಸರಿನ ವಿಷಯ ದೊಡ್ಡದುಂಟು, ಅದಕ್ಕೆ ಆಮೇಲೆ ಬರ್ತೇನೆ, ಒಲೆ ಮೇಲೆ ಗಂಜಿ ಉಂಟು.

ಪಾಂಡೇಶ್ವರ_ಅಪ್ಪ:

ಸುಮ್ನೆ ಸಿಬಿಎಸ್‌ಇಗೆ ಹಾಕಿದ್ರೆ ಈ ಕಿರಿಕಿರಿಯೇ ಇರ್ಲಿಲ್ಲ. ಮತ್ತೆ ಅಪಾರ್ ಕಡ್ಡಾಯ, ಕೊಡದಿದ್ರೆ ಪರೀಕ್ಷೆಗೆ ಕೂರಿಸುದಿಲ್ಲ, ಬೇಗ ಸೈನ್ ಮಾಡಿ.

ಕಾರ್ಕಳ_ಶಾಲೆ_ಆಫೀಸ್:

ಪಾಂಡೇಶ್ವರದವ್ರೆ, ಪೆನ್ನೂ ಅಪಾರೂ ಸಿಬಿಎಸ್‌ಇ ಐಸಿಎಸ್‌ಇ ಸ್ಟೇಟ್ ಎಲ್ಲದಕ್ಕೂ ಉಂಟು, ಬೋರ್ಡ್ ಬದಲಾಯಿಸಿದ್ರೆ ತಪ್ಪಿಸ್ಲಿಕ್ಕೆ ಆಗುದಿಲ್ಲ. ಅಪಾರ್ ಕಡ್ಡಾಯ ಅಂತ ಕಾನೂನಿಲ್ಲ, ಕನ್ಸೆಂಟ್ ಫಾರ್ಮ್ ಅಂತ ಕೊಡುದೇ ಅದಕ್ಕೆ, ಬೇಡ ಅಂತ ಬರೆದು ಕೊಡ್ಲಿಕ್ಕೂ ಆಗ್ತದೆ. ಆದ್ರೆ ನಮ್ಮ ಮೇಲೆ ದಿನಾ ಪರ್ಸೆಂಟೇಜ್ ಕೇಳ್ತಾರೆ, ಹಾಗಾಗಿ ಗ್ರೂಪಲ್ಲಿ ಸ್ವಲ್ಪ ಜೋರಾಗಿ ಬರೆಯುದು, ಅದನ್ನೂ ಒಪ್ಕೊಳ್ತೇನೆ.

ಸುರತ್ಕಲ್ ಅಕ್ಕನಿಗೆ: ನಾನು ಒಂದು ಅನುದಾನಿತ ಶಾಲೆಯ ಆಫೀಸಲ್ಲಿ ಇದೇ ಎಂಟ್ರಿ ಕೆಲಸ ಮಾಡುದು, ಹಗಲು ಸರ್ವರ್ ಸ್ಲೋ ಅಂತ ರಾತ್ರಿ ಹನ್ನೊಂದು ಗಂಟೆಗೆ ಮನೆಯಲ್ಲಿ ಕೂತು ಮಾಡುದು, ಹಾಗಾಗಿ ಇದು ಮಾತ್ರ ನನ್ನ ಹತ್ರ ಕೇಳಿ.

ಮೂರು ನಂಬರ್ ಉಂಟು, ಮೂರೂ ಬೇರೆ ಬೇರೆ. ಸ್ಯಾಟ್ಸ್ ನಂಬರ್ ನಮ್ಮ ಕರ್ನಾಟಕದ್ದು, ಸ್ಟೂಡೆಂಟ್ ಅಚೀವ್‌ಮೆಂಟ್ ಟ್ರ್ಯಾಕಿಂಗ್ ಸಿಸ್ಟಂ ಅಂತ, ಒಂಬತ್ತು ಅಂಕಿ. ನಿಮ್ಮ ಮಗನಿಗೆ ಇದು ಇಲ್ಲಿ ಹೊಸದಾಗಿ ಆಗ್ಬೇಕು, ಮುಂದೆ ಎಫ್‌ಎ ಎಸ್‌ಎ ಮಾರ್ಕು, ಟಿಸಿ, ಎಸ್‌ಎಸ್‌ಎಲ್‌ಸಿ ರಿಜಿಸ್ಟ್ರೇಶನ್ ಎಲ್ಲ ಅದರ ಮೇಲೆಯೇ ಹೋಗುದು. ಪೆನ್ ಅಂದ್ರೆ ಪರ್ಮನೆಂಟ್ ಎಜುಕೇಶನ್ ನಂಬರ್, ಹನ್ನೊಂದು ಅಂಕಿ, ಇದು ಯುಡೈಸ್ ಪ್ಲಸ್ ಅಂತ ಸೆಂಟ್ರಲ್ ಗವರ್ಮೆಂಟಿನ ಸೈಟಲ್ಲಿ ಇರುದು, ಇಡೀ ದೇಶಕ್ಕೆ ಒಂದೇ. ಅಂದ್ರೆ ಬಾಂಬೆಯಲ್ಲೇ ಅವನಿಗೆ ಪೆನ್ ಆಗಿರ್ತದೆ, ಇಲ್ಲಿ ಹೊಸದು ಮಾಡ್ಲಿಕ್ಕೆ ಹೋಗ್ಬಾರ್ದು. ಅಪಾರ್ ಅಂದ್ರೆ ಮಗುವಿನ ಓದಿನ ದಾಖಲೆ ಎಲ್ಲ ಒಂದೇ ಕಡೆ ಇಡ್ಲಿಕ್ಕೆ ಸೆಂಟ್ರಲ್‌ನವ್ರು ಕೊಡುವ ಐಡಿ, ಹನ್ನೆರಡು ಅಂಕಿ, ಅದು ಪೆನ್ ಮತ್ತೆ ಆಧಾರ್ ಎರಡೂ ಸರಿ ಆದ ಮೇಲೆ ಬರುದು.

ಈಗ ನಿಮ್ಮ ಶಾಲೆಯವ್ರು ಪೆನ್ ಪೆನ್ ಅಂತ ಯಾಕೆ ಹಿಂದೆ ಬಿದ್ದಿದ್ದಾರೆ ಅಂದ್ರೆ, ಒಂದು ಶಾಲೆಯಿಂದ ಮಗು ಬಿಟ್ಟ ಮೇಲೆ ಆ ಶಾಲೆಯವ್ರು ಯುಡೈಸಲ್ಲಿ ಆ ಮಗುವಿನ ಹೆಸರನ್ನು ಡ್ರಾಪ್‌ಬಾಕ್ಸಿಗೆ ಹಾಕ್ಬೇಕು. ಡ್ರಾಪ್‌ಬಾಕ್ಸ್ ಅಂದ್ರೆ ನಿಮ್ಮ ಫೋನಲ್ಲಿ ಫೋಟೋ ಹಾಕುವ ಡ್ರಾಪ್‌ಬಾಕ್ಸ್ ಅಲ್ಲ, ಬಿಟ್ಟು ಹೋದ ಮಕ್ಕಳು ಕೂತಿರುವ ಜಗಲಿ ಅಂತ ಇಟ್ಕೊಳ್ಳಿ. ಅವರು ಜಗಲಿಗೆ ಬಿಟ್ರೆ ಮಾತ್ರ ಇಲ್ಲಿಯವ್ರು ಪೆನ್ ಮತ್ತೆ ಹುಟ್ಟಿದ ತಾರೀಕು ಹಾಕಿ ಒಳಗೆ ಕರ್ಕೊಳ್ಳಿಕ್ಕೆ ಆಗುದು. ಅವರು ಬಿಡದಿದ್ರೆ ಹುಡುಗ ಸುರತ್ಕಲಲ್ಲಿ ಬೆಂಚಲ್ಲಿ ಕೂತಿದ್ರೂ ಕಂಪ್ಯೂಟರಲ್ಲಿ ಇನ್ನೂ ಬಾಂಬೆಯಲ್ಲೇ ಇರ್ತಾನೆ.

ಹಾಗಾಗಿ ಮಾಡ್ಬೇಕಾದ್ದು: ನಿಮ್ಮ ಎಲ್‌ಸಿ ತೆಗ್ದು ನೋಡಿ, ಅದ್ರಲ್ಲಿ ಶಾಲೆಯ ಯುಡೈಸ್ ಕೋಡ್ ಇರ್ತದೆ, ಹನ್ನೊಂದು ಅಂಕಿ, ಮಹಾರಾಷ್ಟ್ರದ್ದಾದ್ರೆ 27ರಿಂದ ಶುರು, ನಮ್ಮದು 29. ಪೆನ್ನೂ ಹನ್ನೊಂದೇ ಅಂಕಿ ಆದ ಕಾರಣ ಜನ ಇವೆರಡನ್ನು ಮಿಕ್ಸ್ ಮಾಡ್ತಾರೆ, ಶಾಲೆ ಕೋಡನ್ನೇ ಪೆನ್ ಅಂತ ಕೊಟ್ಟವರಿದ್ದಾರೆ, ನಮ್ಮಲ್ಲಿ ಒಂದೇ ಕ್ಲಾಸಲ್ಲಿ ನಾಲ್ಕು ಜನ. ಆ ಹಳೆ ಶಾಲೆಗೆ ಫೋನ್ ಮಾಡಿ ಎರಡೇ ಮಾತು ಹೇಳಿ, ಮಗನ ಪೆನ್ ನಂಬರ್ ಕೊಡಿ, ಯುಡೈಸಲ್ಲಿ ಡ್ರಾಪ್‌ಬಾಕ್ಸಿಗೆ ಹಾಕಿ. ಫೋನ್ ಎತ್ತದಿದ್ರೆ ಇಲ್ಲಿಯ ಎಚ್‌ಎಂ ಕೈಯಲ್ಲಿ ಒಂದು ಮೇಲ್ ಹಾಕಿಸಿ, ಶಾಲೆಯಿಂದ ಶಾಲೆಗೆ ಹೋದ್ರೆ ಬೇಗ ಆಗ್ತದೆ.

ಎಲ್‌ಸಿಯೂ ಟಿಸಿಯೂ ಒಂದೇ ಜಾತಿ, ಅಲ್ಲಿ ಲೀವಿಂಗ್ ಸರ್ಟಿಫಿಕೇಟ್ ಅಂತಾರೆ ನಾವು ವರ್ಗಾವಣೆ ಪತ್ರ ಅಂತೇವೆ ಅಷ್ಟೆ. ಹೊರ ರಾಜ್ಯದ್ದು ಆದ ಕಾರಣ ಅಲ್ಲಿಯ ಶಿಕ್ಷಣ ಇಲಾಖೆ ಆಫೀಸಿನ ಮೇಲುರುಜು ಕೇಳುದು, ಅಂದ್ರೆ ಕೌಂಟರ್ ಸೈನ್. ಅಲ್ಲಿ ನೆಂಟರಿದ್ರೆ ಅವರ ಕೈಗೆ ಕೊಟ್ಟು ಮಾಡಿಸಿ, ಒಂದು ಸೀಲಿಗೋಸ್ಕರ ಮತ್ಸ್ಯಗಂಧ ರೈಲು ಹತ್ಬೇಡಿ.

ಕುಂದಾಪ್ರ_ಗಂಡ್:

ಹ್ವಾಯ್ ಎಂತಾ ಚಂದ ಹೇಳಿರಿ ಮಾರ್ರೆ, ಜಗಲಿ ಅಂಬ್ರ್! ನಮ್ ಬದಿಗೆ ಇದೆಲ್ಲಾ ಕೇಂಬುಕ್ ಹ್ವಾರೆ ಮಾಷ್ಟ್ರೇ ನಂಗ್ ಗೊತ್ತಿಲ್ಲ ಅಂಬ್ರ್.

ನಾನ್ ಒಂದ್ ಬೇರೆ ಕಥಿ ಹೇಳ್ತೆ. ನಾವ್ ಸಣ್ಣದಿಪ್ಪತಿಗೆ ಶಾಲಿ ಬೋರ್ಡ್ ಮೇಲ್ ದ.ಕ.ಜಿ.ಪಂ.ಹಿ.ಪ್ರಾ.ಶಾಲೆ ಅಂದೇಳಿ ಇತ್ತ್. ನಂಗ್ ಅದ್ ಊರಿನ್ ಹೆಸ್ರ್ ಅಂದೇಳಿ ಲೆಕ್ಕ, ದಕಜಿಪಂ ಅಂಬು ಊರ್ ಎಲ್ಲಿತ್ತ್ ಅಂದ್ ಅಪ್ಪಯ್ಯನತ್ರ ಕೇಂಡಿದ್ದೆ. ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್ ಹಿರಿಯ ಪ್ರಾಥಮಿಕ ಶಾಲೆ ಅಂದ್ ಹೇಳಿ ನೆಗಾಡ್ರ್. 1997ರಗೆ ಉಡುಪಿ ಬೇರೆ ಜಿಲ್ಲೆ ಆಯ್ತಲೆ, ಆಗ ದ.ಕ. ಅಳ್ಸಿ ಮೇಲಿಂದ ಪೇಂಟ್ ಹೊಡ್ದ್ರ್, ಆರೆ ಮಳಿಗ್ ಆ ಪೇಂಟ್ ಹೋಯಿ ಹಳಿ ದ.ಕ. ಮತ್ತ್ ಕಾಂಬುಕ್ ಶುರುವಾಯ್ತ್. ಈಗ್ಳಿಕೆ ಬೋರ್ಡಗೆ ಸ.ಹಿ.ಪ್ರಾ.ಶಾಲೆ, ಸ.ಕಿ.ಪ್ರಾ.ಶಾಲೆ ಅಂದೇಳಿ ಇರತ್ತ್, ಸ ಅಂದ್ರೆ ಸರ್ಕಾರಿ, ಕಿ ಅಂದ್ರೆ ಕಿರಿಯ, ಐದನೆ ತನ್ಕ. ಕೆಪಿಎಸ್ ಅಂದೇಳಿ ಇದ್ರೆ ಕರ್ನಾಟಕ ಪಬ್ಲಿಕ್ ಸ್ಕೂಲ್, ಒಂದೇ ಕಂಪೌಂಡಗೆ ಎಲ್‌ಕೆಜಿಯಿಂದ ಪಿಯುಸಿ ತನ್ಕ.

ಮತ್ತೆ ಎಸ್‌ಡಿಎಂಸಿ ಅಂದ್ ಯಾರಾರೂ ಹೇಳ್ರೆ ಓಡಿ ಹೋಯ್ನಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಸರ್ಕಾರಿ ಶಾಲಿಗೆ ಮಕ್ಕಳ್ನ ಹಾಕ್ದವ್ರೆಲ್ಲ ಸೇರಿ ಮಾಡುದ್. ನಾನ್ ಒಂದ್ ಮೀಟಿಂಗಿಗ್ ಲೇಟಾಯ್ ಹ್ವಾದದ್ದಕ್ಕೆ ನನ್ನನ್ನೇ ಅಧ್ಯಕ್ಷ ಮಾಡಿ ಇಟ್ರ್.

ಬಜ್ಪೆಯವ:

ಹ್ಹಹ್ಹ ಅಧ್ಯಕ್ಷರಿಗೆ ಅಭಿನಂದನೆ. ಟೀಚರಮ್ಮ ಗಂಜಿ ಆದ ಮೇಲೆ ನಂದೊಂದು ಕೇಳ್ಲಿಕ್ಕುಂಟು. ಆರ್‌ಟಿಇ ಸೀಟ್ ಸಿಗ್ತದೆ ಅಂತ ನಮ್ಮ ಆಚೆ ಮನೆಯವ್ರು ಹೇಳ್ತಾರೆ, ಪ್ರೈವೇಟ್ ಶಾಲೆಗೆ ಫ್ರೀಯಾಗಿ ಹಾಕ್ಲಿಕ್ಕೆ ಆಗ್ತದಂತೆ. ಮಗಳಿಗೆ ಒಂದನೇ ಕ್ಲಾಸಿಗೆ ಸಿಗಬಹುದಾ?

ಮುಲ್ಕಿ_ರಿಟೈರ್ಡ್_ಟೀಚರ್:

ಬಂದೆ. ಬಜ್ಪೆಯವ್ರೆ, ಆ ಸುದ್ದಿ ಹಳೇದು. ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, 2010ರ ಏಪ್ರಿಲಿಂದ ಜಾರಿ. ಅದ್ರಲ್ಲಿ ಪ್ರೈವೇಟ್ ಶಾಲೆ 25 ಪರ್ಸೆಂಟ್ ಸೀಟು ಬಡ ಮಕ್ಕಳಿಗೆ ಕೊಡ್ಬೇಕು ಅಂತ ಉಂಟು. ಆದ್ರೆ 2019ರಲ್ಲಿ ನಮ್ಮ ರಾಜ್ಯದವ್ರು ನಿಯಮ ತಿದ್ದಿದ್ರು, ಅಕ್ಕಪಕ್ಕದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಿಗೆ ಸೀಟು ಕೊಡುದಿಲ್ಲ ಅಂತ. ನಮ್ಮ ಕರಾವಳಿಯಲ್ಲಿ ಕೂಗಿದ್ರೆ ಕೇಳುವಷ್ಟು ದೂರಕ್ಕೆ ಒಂದು ಅನುದಾನಿತ ಶಾಲೆ ಉಂಟು, ಹಾಗಾಗಿ ನಮ್ಮಲ್ಲಿ ಆ ಸೀಟು ಹೆಚ್ಚುಕಮ್ಮಿ ಹೋದ ಹಾಗೆಯೇ. ಅದಕ್ಕಿಂತ ಮಗಳ ವಯಸ್ಸು ನೋಡಿ, ಒಂದನೇ ಕ್ಲಾಸಿಗೆ ಜೂನ್ ಒಂದಕ್ಕೆ ಆರು ವರ್ಷ ತುಂಬಿರ್ಬೇಕು. 2025-26ಕ್ಕೆ ಒಂದು ಸಲಕ್ಕೆ ಅಂತ 5 ವರ್ಷ 5 ತಿಂಗಳಿಗೆ ಇಳಿಸಿದ್ರು, ಅದೇ ಯಾವಾಗಲೂ ಇರ್ತದೆ ಅಂತ ನಂಬಿ ಕೂರ್ಬೇಡಿ.

ಈಗ ಹೆಸರಿನ ವಿಷಯ. ಮಗಾ, ನಿನ್ನ ಎಲ್‌ಸಿಯಲ್ಲಿ ಹೆಸರು ಹೇಗೆ ಬರ್ದಿದ್ದಾರೆ ನಾನು ನೋಡದೆಯೇ ಹೇಳ್ತೇನೆ. ಮೊದ್ಲು ಸರ್‌ನೇಮ್, ಮತ್ತೆ ಹುಡುಗನ ಹೆಸರು, ಮತ್ತೆ ಅಪ್ಪನ ಹೆಸರು. ಆಧಾರಲ್ಲಿ ಹುಡುಗನ ಹೆಸರು ಮತ್ತೆ ಸರ್‌ನೇಮ್ ಮಾತ್ರ. ಇಲ್ಲಿಯ ಶಾಲೆಯವ್ರು ಇನಿಶಿಯಲ್ ಎಂತ ಅಂತ ಕೇಳಿರ್ತಾರೆ. ಹೌದಾ ಅಲ್ವಾ? ಕಂಪ್ಯೂಟರಿಗೆ ಅದು ಮೂರು ಜನ ಹುಡುಗರು. ನಮ್ಮವರ ಸರ್‌ನೇಮಿನ ಸ್ಪೆಲ್ಲಿಂಗ್ ಬೇರೆ ಕೇಳ್ಬೇಡ, ಪೂಜಾರಿ ಅಂತ ಕನ್ನಡದಲ್ಲಿ ಒಂದೇ, ಇಂಗ್ಲಿಷಲ್ಲಿ ಒಬ್ಬ ಡಬಲ್ ಓ ಹಾಕಿ ಕೊನೆಗೆ ವೈ ಹಾಕ್ತಾನೆ, ಅವನ ಅಣ್ಣ ಯು ಹಾಕಿ ಐ ಹಾಕ್ತಾನೆ. ಒಂದೇ ಮನೆಯಲ್ಲಿ ಎರಡು ತರ ನೋಡಿದ್ದೇನೆ.

ನಮ್ಮ ಕಾಲದಲ್ಲಿ ಇದು ಯಾರಿಗೂ ಬೇಕಾಗಿರ್ಲಿಲ್ಲ. ಹುಟ್ಟಿದ ದಿನವನ್ನೇ ಮಾಸ್ಟ್ರು ಅಂದಾಜಿಗೆ ಬರೆಯುದು, ಮಗು ಶಾಲೆಗೆ ಸೇರುವಷ್ಟು ಆಗ್ಬೇಕಲ್ಲ ಅಂತ. ನನ್ನದೇ ರೆಕಾರ್ಡ್ ಪ್ರಕಾರ ನಾನು ಜೂನ್ ಒಂದಕ್ಕೆ ಹುಟ್ಟಿದ್ದು, ಅಮ್ಮ ಹೇಳುದು ನಾನು ಹುಟ್ಟಿದಾಗ ಭೂತ ಕೋಲ ನಡೀತಾ ಇತ್ತು ಅಂತ, ಜೂನಿನ ಮಳೆಯಲ್ಲಿ ಯಾವ ಕೋಲ ಮಾರಾಯ್ತಿ. ಆ ಸುಳ್ಳು ತಾರೀಕಿಗೇ ನಾನು ರಿಟೈರ್ ಆದದ್ದು.

ಒಂದು ತಪ್ಪು ನನ್ನದೂ ಉಂಟು, ಹೇಳಿ ಬಿಡ್ತೇನೆ. ದಾಖಲಾತಿ ಪುಸ್ತಕದಲ್ಲಿ ಒಬ್ಬ ಹುಡುಗನ ಇನಿಶಿಯಲ್ ಬಿಟ್ಟು ಬರೆದೆ, ಅರ್ಜೆಂಟಲ್ಲಿ, ಹೊರಗೆ ಮಧ್ಯಾಹ್ನದ ಊಟಕ್ಕೆ ಮಕ್ಕಳು ಸಾಲು ನಿಂತಿದ್ರು. ಅವ ಹತ್ತನೇ ತನಕ ಹಾಗೆಯೇ ಹೋದ, ಎಸ್‌ಎಸ್‌ಎಲ್‌ಸಿ ಕಾರ್ಡಲ್ಲೂ ಹಾಗೆಯೇ ಪ್ರಿಂಟ್ ಆಯ್ತು. ಪಾಸ್‌ಪೋರ್ಟ್ ಮಾಡಿಸುವಾಗ ಗೊತ್ತಾದದ್ದು, ಗಲ್ಫಿಗೆ ಹೋಗುದು ಅವನಿಗೆ ತಡ ಆಯ್ತು. ನನ್ನ ಎದುರು ಬಂದು ಒಂದು ಮಾತು ಹೇಳ್ಲಿಲ್ಲ ಹುಡುಗ, ಅದೇ ನಂಗೆ ಇವತ್ತಿಗೂ ಚುಚ್ಚುದು.

ಹಾಗಾಗಿ ನಿನಗೆ ಹೇಳುದು, ಜನನ ಪ್ರಮಾಣ ಪತ್ರದಲ್ಲಿ ಹೇಗುಂಟೋ ಅದನ್ನು ಎದುರಿಗೆ ಇಟ್ಕೊ, ಆಧಾರ್ ಅದಕ್ಕೆ ಸರಿ ಮಾಡಿಸು, ಸ್ಯಾಟ್ಸಲ್ಲಿ ಹಾಕುವಾಗ ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರ ನೋಡು. ಆಫೀಸಿನವ್ರಿಗೆ ಕಿರಿಕಿರಿ ಆದ್ರೂ ಪರ್ವಾಗಿಲ್ಲ.

ಕಾರ್ಕಳ_ಶಾಲೆ_ಆಫೀಸ್:

ನಮಗೆ ಕಿರಿಕಿರಿ ಇಲ್ಲ ಟೀಚರ್, ಆಮೇಲೆ ತಿದ್ದುದೇ ದೊಡ್ಡ ಕಿರಿಕಿರಿ.

ಬ್ರಹ್ಮಾವರ_ಅಕ್ಕ:

ಯಾರೂ ಹೇಳ್ಲಿಲ್ಲ ಅಂತ ಒಂದು ಹೇಳ್ತೇನೆ, ಈಗ ಬೇಡದಿದ್ರೂ ಬರ್ದಿಟ್ಕೊಳ್ಳಿ. ನನ್ನ ಮಗಳು ಹೋದ ವರ್ಷ ಸಿಇಟಿ ಬರ್ದದ್ದು, ಅದು ಪಿಯುಸಿ ಆದ ಮೇಲೆ ಇಂಜಿನಿಯರಿಂಗ್ ಸೀಟಿಗೆಲ್ಲ ಇರುವ ಪರೀಕ್ಷೆ, ನಡೆಸುದು ಕೆಇಎ, ಅಂದ್ರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಲ್ಲಿ ಕರ್ನಾಟಕದವ್ರು ಅಂತ ಸೀಟು ಸಿಗ್ಬೇಕಾದ್ರೆ ಸಾಧಾರಣ ಮಕ್ಕಳು ಹೋಗುವ ದಾರಿ ಎಂತ ಅಂದ್ರೆ, ಒಂದನೇ ಕ್ಲಾಸಿಂದ ಸೆಕೆಂಡ್ ಪಿಯು ಒಳಗೆ ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿರ್ಬೇಕು. ಅದಕ್ಕೇ ಸ್ಟಡಿ ಸರ್ಟಿಫಿಕೇಟ್ ಅಂತ ಕೇಳುದು, ವ್ಯಾಸಂಗ ಪ್ರಮಾಣ ಪತ್ರ, ಬಿಇಒ ಸೈನ್ ಬೇರೆ. ನಾವು ಮೂರು ಶಾಲೆ ಬದಲಾಯಿಸಿದವ್ರು, ಮೂರೂ ಶಾಲೆಗೆ ಆ ಬಿಸಿಲಲ್ಲಿ ಓಡಿದ್ದು ನೆನೆಸಿದ್ರೆ ಈಗಲೂ ಕಾಲು ನೋಯ್ತದೆ.

ಈಗ ಬೆರಳಲ್ಲಿ ಲೆಕ್ಕ ಹಾಕಿ. ಆರು, ಏಳು, ಎಂಟು, ಒಂಬತ್ತು, ಹತ್ತು, ಫಸ್ಟ್ ಪಿಯು, ಸೆಕೆಂಡ್ ಪಿಯು. ಸರೀ ಏಳು. ನಿಮ್ಮ ಹುಡುಗನಿಗೆ ಒಂದು ವರ್ಷವೂ ಎಕ್ಸ್‌ಟ್ರಾ ಇಲ್ಲ, ಕಮ್ಮಿಯೂ ಇಲ್ಲ. ಅಪ್ಪ ಅಮ್ಮ ಇಲ್ಲಿ ಓದಿದ್ರೆ ನಿಯಮದ ಬೇರೆ ಷರತ್ತಲ್ಲಿ ಅರ್ಜಿ ಹಾಕ್ಲಿಕ್ಕೂ ಆಗ್ತದೆ, ಆದ್ರೆ ಅದಕ್ಕೆ ನಿಮ್ಮದೇ ಹಳೆ ಸರ್ಟಿಫಿಕೇಟ್ ಹುಡುಕ್ಬೇಕು. ಹಾಗಾಗಿ ಮಧ್ಯದಲ್ಲಿ ಪುನಃ ಬಾಂಬೆಗೆ ಹೋಗುವ ಯೋಚನೆ ಇದ್ರೆ ಇದನ್ನೊಮ್ಮೆ ನೆನಪು ಮಾಡ್ಕೊಳ್ಳಿ. ಪ್ರತಿ ವರ್ಷದ ಪ್ರೋಗ್ರೆಸ್ ಕಾರ್ಡ್ ಬಿಸಾಡ್ಬೇಡಿ.

ಅಲ್ಲಿ ಎಸ್‌ಎಸ್‌ಸಿ ಅಂತಾರಲ್ಲ ಹತ್ತನೆಗೆ, ಇಲ್ಲಿ ಎಸ್‌ಎಸ್‌ಎಲ್‌ಸಿ, ಫಸ್ಟ್ ಲ್ಯಾಂಗ್ವೇಜಿಗೆ ಮಾತ್ರ 125 ಮಾರ್ಕು. ಜೂನಿಯರ್ ಕಾಲೇಜ್ ಅಂದ್ರೆ ಇಲ್ಲಿ ಪಿಯು. ಪಿಸಿಎಂಬಿ, ಪಿಸಿಎಂಸಿ, ಸೆಬಾ ಅಂತ ಎಲ್ಲ ಜನ ಈಗಲೇ ಕೇಳ್ಲಿಕ್ಕೆ ಶುರು ಮಾಡ್ತಾರೆ, ಕಾಂಬಿನೇಶನ್ ಹೆಸರು ಅದು, ಮೊದಲ ಎರಡು ಸೈನ್ಸಿನದ್ದು, ಅದ್ರಲ್ಲಿ ಕೊನೆಯ ಬಿ ಅಂದ್ರೆ ಬಯಾಲಜಿ ಕೊನೆಯ ಸಿ ಅಂದ್ರೆ ಕಂಪ್ಯೂಟರ್, ಸೆಬಾ ಕಾಮರ್ಸಿನದ್ದು. ನಮ್ಮ ಎರಡು ಜಿಲ್ಲೆಯವರಿಗೆ ರಿಸಲ್ಟಲ್ಲಿ ಫಸ್ಟು ಸೆಕೆಂಡು ಬರುದೇ ಒಂದು ಹುಚ್ಚು, ಮದುವೆ ಊಟದ ಪಂಕ್ತಿಯಲ್ಲೂ ಅದೇ ಮಾತು. ಆರನೇ ಕ್ಲಾಸಿನವನಿಗೆ ಅದರ ಬಿಸಿ ತಾಗಿಸ್ಬೇಡಿ.

ಸುರತ್ಕಲ್_ಅಮ್ಮ:

ಅಯ್ಯೋ ಎಷ್ಟು ಉಪಕಾರ ಮಾಡಿದ್ರಿ ನೀವೆಲ್ಲ. ತಡವಾಗಿ ಬರೀತಾ ಇದ್ದೇನೆ, ನಾಲ್ಕು ದಿವಸದಿಂದ ಕರೆಂಟ್ ಬಂದು ಹೋಗಿ ಬಂದು ಹೋಗಿ.

ಆದದ್ದು ಹೇಳ್ತೇನೆ. ಎಲ್‌ಸಿ ತೆಗ್ದು ನೋಡಿದೆ, 27ರಿಂದ ಶುರುವಾಗುವ ನಂಬರ್ ಉಂಟು, ನಾನು ಅದನ್ನೇ ಪೆನ್ ಅಂತ ಬರೆದು ಕೊಟ್ಟು ಆಗಿತ್ತು! ಕಾರ್ಕಳದವ್ರೆ ನಿಮ್ಮ ಲೆಕ್ಕಕ್ಕೆ ಐದನೆಯವಳು ನಾನು. ಹಳೆ ಶಾಲೆಯಲ್ಲಿ ಮೂರನೇ ಸಲಕ್ಕೆ ಫೋನ್ ಎತ್ತಿದ್ರು, ಪೆನ್ ಮೆಸೇಜ್ ಮಾಡಿದ್ರು, ಡ್ರಾಪ್‌ಬಾಕ್ಸಿಗೂ ಹಾಕಿದ್ರಂತೆ, ನಿನ್ನೆ ಇಲ್ಲಿಯವ್ರು ಕರ್ಕೊಂಡಾಯ್ತು. ಹೆಸರು ಟೀಚರಮ್ಮ ಹೇಳಿದ ಹಾಗೆಯೇ ಮೂರು ತರ ಇತ್ತು, ಚಾಚೂ ತಪ್ಪದೆ. ಆಧಾರ್ ಸೆಂಟರಿಗೆ ಸೋಮವಾರ ಹೋಗುದು. ಮೇಲುರುಜು ನನ್ನ ನಾದಿನಿ ಮಾಡಿಸಿ ಕಳಿಸ್ತಾಳೆ, ಅವಳು ಡೊಂಬಿವಲಿಯಲ್ಲೇ ಇರುದು.

ತುಳು ಈ ಶಾಲೆಯಲ್ಲಿ ಇಲ್ಲವಂತೆ, ಹಿಂದಿಯೇ ತಗೊಂಡೆವು, ನಮ್ಮ ಅತ್ತೆಗೆ ಸ್ವಲ್ಪ ಬೇಜಾರಾಯ್ತು. ಕನ್ನಡಕ್ಕೆ ರ ಗ ಸ ದ ಅ ಶುರು ಮಾಡಿದ್ದೇವೆ, ನಿನ್ನೆ ಅವ ಹಾಲಿನ ಪ್ಯಾಕೆಟಲ್ಲಿ ದ ಹುಡುಕಿ ತೋರಿಸಿದ. ಏಳು ವರ್ಷದ ಲೆಕ್ಕ ನಮ್ಮವರಿಗೆ ಹೇಳಿದೆ, ಅವ್ರು ಸುಮ್ಮನೆ ಕೂತು ಬೆರಳು ಮಡಚ್ತಾ ಇದ್ರು.

ಈಗ ಮಗ ನಾಳೆ ಡಿಸಿ ರಜೆ, ರೆಡ್ ಅಲರ್ಟ್ ಅಂತ ಫೋನ್ ಹಿಡ್ಕೊಂಡು ಮನೆಯಿಡೀ ಕುಣಿತಾ ಇದ್ದಾನೆ, ಲೆಟರ್ ಹೆಡ್ ಸೀಲು ಸಮೇತ ಗ್ರೂಪಲ್ಲಿ ಬಂದಿದೆ. ಟಿಫಿನ್‌ಗೆ ನೆನೆ ಹಾಕ್ಲಾ ಬೇಡ್ವಾ ಹೇಳಿ.

ಬಜ್ಪೆಯವ:

ಅಕ್ಕ ನೆನೆ ಹಾಕಿ. ಆ ಲೆಟರ್ ನಂಗೂ ಬಂತು, ಝೂಮ್ ಮಾಡಿ ತಾರೀಕು ನೋಡಿ, ಹೋದ ವರ್ಷದ್ದು.